ಕಪ್ಪು ಎಲೆಯ ಗಿಡ ಕಲಬುರಗಿ ಬಿಸಿಲಿಗೆ ತಡೆಯುತ್ತಾ?

ಸೇಡಂ ರಸ್ತೆ ಅಕ್ಕ · ಏಪ್ರಿಲ್ 28

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಬೇಸಿಗೆಯಲ್ಲಿ ಕೆನಡಾದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಅವರ ಅಂಗಳದಲ್ಲಿ ಒಂದು ಪೊದೆ ಗಿಡ ಇತ್ತು. ಎಲೆ ಹಸಿರಲ್ಲ, ಕೆಂಪೂ ಅಲ್ಲ. ನೇರಳೆ ಹಣ್ಣು ಹಿಚುಕಿದರೆ ಬೆರಳಿಗೆ ಹತ್ತುತ್ತಲ್ಲ, ಆ ಬಣ್ಣ. ಅದರ ಮೇಲೆ ಬಿಳಿ ಹೂವಿನ ಗೊಂಚಲು. ಹೆಸರು ನೈನ್‌ಬಾರ್ಕ್, ತಳಿ ಡಯಾಬೊಲೊ ಅಂತ ಬುಡದಲ್ಲಿ ಚೀಟಿ ಇತ್ತು. "ಅತ್ತೀ, ಇದು ಭಾಳ ಗಟ್ಟಿ ಗಿಡ, ನಾವೇನೂ ಮಾಡೋದೇ ಇಲ್ಲ" ಅಂತ ಅಳಿಯ ಹೇಳಿದ.

ಊರಿಗೆ ಬಂದ ಮೇಲೂ ಅದೇ ಗುಂಗು. ಆ ಗಿಡ ಇಲ್ಲಿ ಎಲ್ಲೂ ಸಿಗಲಿಲ್ಲ. ಹೈದರಾಬಾದ್ ಕಡೆಯ ಒಂದು ನರ್ಸರಿಯವರು "ಇದೂ ಹಂಗೇ ಇರ್ತದ" ಅಂತ ಲೋರೋಪೆಟಾಲಮ್ ಕೊಟ್ಟರು. 650 ರೂಪಾಯಿ. ದೀಪಾವಳಿ ಆದ ವಾರ ನೆಟ್ಟೆ. ಜನವರಿಗೆ ಹೊಸ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಮಾರ್ಚ್‌ಗೆ ಕಡ್ಡಿ.

ಮೊನ್ನೆ ಕಿತ್ತು ನೋಡಿದೆ. ನರ್ಸರಿಯಿಂದ ಬಂದಾಗ ಬೇರಿನ ಸುತ್ತ ಇದ್ದ ತೆಂಗಿನ ನಾರಿನ ಮುದ್ದೆ ಹಂಗೇ ಇದೆ, ಕುಂಡದ ಆಕಾರದಲ್ಲೇ. ಒಂದು ಬೇರೂ ಹೊರಗೆ ಬಂದಿಲ್ಲ. ನಮ್ಮ ಎರೆಮಣ್ಣು ಒಣಗಿ ಹಿಂದೆ ಸರಿದು, ಮುದ್ದೆಗೂ ಮಣ್ಣಿಗೂ ನಡುವೆ ನನ್ನ ಕಿರುಬೆರಳು ಹೋಗುವಷ್ಟು ಸಂದು. ನಾನು ದಿನಾ ಹಾಕಿದ ನೀರು ಆ ಸಂದಿನಲ್ಲೇ ಇಳಿದು ಹೋಗುತ್ತಿತ್ತು ಅಂತ ಈಗ ಗೊತ್ತಾಯಿತು.

ಜಾಗ ಹೇಳುತ್ತೇನೆ. ಕಂಪೌಂಡ್ ಗೋಡೆಗೆ ಹತ್ತಿ 3 ಅಡಿ ಅಗಲ, 12 ಅಡಿ ಉದ್ದ. ಉಳಿದದ್ದೆಲ್ಲ ಶಹಾಬಾದ್ ಕಲ್ಲಿನ ಹಾಸು. ಮಧ್ಯಾಹ್ನ 12ರಿಂದ ಸಂಜೆವರೆಗೆ ಬಿಸಿಲು. ಬೋರ್‌ವೆಲ್ ನೀರು, ಕೊಡದ ಒಳಗೆ ಬಿಳಿ ಪದರ ಕಟ್ಟುತ್ತದೆ. ಎದೆಮಟ್ಟ ಬೆಳೆಯುವ ಕಪ್ಪು ಎಲೆಯ ಗಿಡ ಬೇಕು. ರಜೆಗೆ ಮೊಮ್ಮಗ ಬರುತ್ತಾನೆ, 4 ವರ್ಷದವನು, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತಾನೆ. ಅದನ್ನೂ ನೋಡಿಕೊಂಡು ಹೇಳಿರಿ.

ಜೇವರ್ಗಿ ಎರೆಹೊಲ · ಏಪ್ರಿಲ್ 28

ಅಕ್ಕಾರೆ, ನಿಮ್ಮ ಅಳಿಯಂದಿರು ಹೇಳಿದ "ಗಟ್ಟಿ" ಬೇರೆ, ನಮ್ಮೂರಿನ ಗಟ್ಟಿ ಬೇರೆ.

ಅಲ್ಲಿ ಗಟ್ಟಿ ಅಂದ್ರೆ ಹಿಮದಲ್ಲಿ ಸಾಯದ ಗಿಡ. ಚೀಟಿಯಲ್ಲಿ ಝೋನ್ 3 ಅಂತ ಬರೆದಿರುತ್ತದೆ ನೋಡಿ, ಅದು ಚಳಿಗಾಲದ ಅತಿ ಕಡಿಮೆ ಉಷ್ಣತೆಯ ಲೆಕ್ಕ. ನೈನ್‌ಬಾರ್ಕ್ ಮೈನಸ್ 35 ಡಿಗ್ರಿಯಲ್ಲೂ ಬದುಕುತ್ತದೆ. ಉತ್ತರ ಅಮೆರಿಕದ ಪೂರ್ವ ಭಾಗದ್ದು, ಗುಲಾಬಿ ಕುಟುಂಬದ್ದು. ಚಳಿಗಾಲದಲ್ಲಿ ಎಲೆ ಉದುರಿಸಿ ತಿಂಗಳುಗಟ್ಟಲೆ ಮಲಗಬೇಕು, ಆಮೇಲೆ ಚಿಗುರಬೇಕು. ನಮ್ಮಲ್ಲಿ ಅದಕ್ಕೆ ಮಲಗಲು ಚಳಿ ಎಲ್ಲಿದೆ? ಮೇ ತಿಂಗಳ 43 ಡಿಗ್ರಿ ಬಗ್ಗೆ ಆ ಚೀಟಿ ಒಂದಕ್ಷರ ಹೇಳುವುದಿಲ್ಲ.

ಮುಂದಿನ ಸಲ ಹೋದಾಗ ಸೂಟ್‌ಕೇಸಲ್ಲಿ ಕಡ್ಡಿ ಮುರಿದು ತರೋಣ ಅಂತ ಯೋಚಿಸಿದ್ದರೆ ಅದೂ ಬೇಡ. ಹೊರದೇಶದ ಗಿಡ, ಬೀಜ ತರಲು ಪರವಾನಗಿ ಮತ್ತು ರೋಗವಿಲ್ಲ ಅನ್ನುವ ಪ್ರಮಾಣಪತ್ರ ಬೇಕು. 2003ರ ಸಸ್ಯ ಕ್ವಾರಂಟೈನ್ ಆದೇಶದಲ್ಲೇ ಇದೆ. ವಿಮಾನ ನಿಲ್ದಾಣದಲ್ಲಿ ಹಿಡಿದರೆ ಕಸದ ಬುಟ್ಟಿಗೆ ಹೋಗುತ್ತದೆ.

ಹೊಸ ಕುಂಡ · ಏಪ್ರಿಲ್ 29

ಮೇಡಂ, ಲೋರೋಪೆಟಾಲಮ್ ಸತ್ತದ್ದು ಮಣ್ಣಿನಲ್ಲಿ ಹುಳಿ ಕಡಿಮೆ ಆಗಿ. ವಿಡಿಯೋದಲ್ಲಿ ನೋಡಿದ್ದೆ. ವಾರಕ್ಕೊಮ್ಮೆ ನೀರಿಗೆ ಸ್ವಲ್ಪ ವಿನಿಗರ್ ಹಾಕಿ, ಕಾಫಿ ಪುಡಿ ಹಾಕಿ. ಸರಿಹೋಗುತ್ತದೆ.

ಜೇವರ್ಗಿ ಎರೆಹೊಲ · ಏಪ್ರಿಲ್ 29

ತಮ್ಮಾ, ಕಾರಣ ಅರ್ಧ ಸರಿ ಹೇಳಿದಿ, ಔಷಧ ತಪ್ಪು. ಒಂದು ಕೆಲಸ ಮಾಡು. ಒಣ ಎರೆಮಣ್ಣು ಒಂದು ಚಮಚ ತಗೊಂಡು ಅದರ ಮೇಲೆ ವಿನಿಗರ್ ಹನಿಸು. ಚುರ್ ಅಂತ ನೊರೆ ಬಂದರೆ ಅದರಲ್ಲಿ ಸುಣ್ಣ ಇದೆ ಅಂತ ಅರ್ಥ. ನಮ್ಮ ಹೊಲದಲ್ಲಿ ನೇಗಿಲಿಗೆ ಬಿಳಿ ಸುಣ್ಣಕಲ್ಲೇ ಸಿಗುತ್ತವೆ, ಬಟಾಣಿ ಗಾತ್ರದಿಂದ ಲಿಂಬೆ ಗಾತ್ರದವರೆಗೆ. ನೀನು ವಾರಕ್ಕೊಮ್ಮೆ ಹಾಕುವ ವಿನಿಗರ್ ಅನ್ನು ಆ ಸುಣ್ಣ ಒಂದೇ ಗಂಟೆಯಲ್ಲಿ ನುಂಗಿ ಕೂರುತ್ತದೆ. ಮೇಲಿಂದ ಬೋರ್‌ವೆಲ್ ನೀರು ಮತ್ತೆ ಸುಣ್ಣ ತರುತ್ತದೆ. ಬಾವಿಗೆ ಸಕ್ಕರೆ ಹಾಕಿ ಪಾನಕ ಮಾಡಿದ ಹಾಗೆ.

ನರ ಹಸಿರು, ನಡುವೆ ಹಳದಿ, ಅದೂ ಹೊಸ ಎಲೆಯಲ್ಲಿ. ಅದು ಕಬ್ಬಿಣದ ಕೊರತೆಯ ಗುರುತು. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ಸುಣ್ಣದ ಮಣ್ಣಿನಲ್ಲಿ ಬೇರಿಗೆ ಅದನ್ನು ಎಳೆದುಕೊಳ್ಳಲು ಆಗುವುದಿಲ್ಲ. ಅಂಗಡಿಯಲ್ಲಿ ಅನ್ನಭೇದಿ ಅಂದರೆ ಕೊಡುತ್ತಾರೆ, ಫೆರಸ್ ಸಲ್ಫೇಟ್. ಲೀಟರಿಗೆ 5 ಗ್ರಾಂ, ಅದರ ಜೊತೆ 1 ಗ್ರಾಂ ಸಿಟ್ರಿಕ್ ಆಸಿಡ್. ಎಲೆಗೆ ಸಂಜೆ ಹೊತ್ತು ಸಿಂಪಡಿಸಬೇಕು. ಬುಡಕ್ಕೆ ಹಾಕಿದರೆ ದಂಡ. ಆದರೆ ಎಷ್ಟು ದಿನ ಸಿಂಪಡಿಸುತ್ತೀರಿ? ಅದು ಸಲೈನ್ ಹಚ್ಚಿದ ಹಾಗೆ. ಗಿಡ ಬದಲಿಸುವುದೇ ಒಳ್ಳೆಯದು.

ಬೀದರ್ ಕೆಮ್ಮಣ್ಣು · ಏಪ್ರಿಲ್ 29

ಇಲ್ಲಿ ಸ್ವಲ್ಪ ಹೊಟ್ಟೆ ಉರಿಸುತ್ತೇನೆ, ಬೈಬೇಡಿ. ನಮ್ಮ ಬೀದರ್ ಮನೆಯಲ್ಲಿ ಲೋರೋಪೆಟಾಲಮ್ 3 ವರ್ಷದಿಂದ ಚೆನ್ನಾಗಿದೆ. ಕಾರಣ ನಾನಲ್ಲ, ಮಣ್ಣು. ನಮ್ಮದು ಜಂಬಿಟ್ಟಿಗೆಯ ಕೆಂಪು ಮಣ್ಣು, ನೀರು ನಿಲ್ಲುವುದಿಲ್ಲ, ಸುಣ್ಣವೂ ಕಡಿಮೆ. ಊರೂ ಕಲಬುರಗಿಗಿಂತ 200 ಮೀಟರ್ ಎತ್ತರದಲ್ಲಿದೆ, ರಾತ್ರಿ ಬೇಗ ತಂಪಾಗುತ್ತದೆ. ಆದರೂ ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಬೀಳುವ ಕಡೆ ಇಟ್ಟಿದ್ದೇನೆ. ಅಕ್ಕಾರ ಜಾಗದಲ್ಲಿ ನನ್ನ ಗಿಡವೂ ಸಾಯುತ್ತಿತ್ತು.

ಕಪ್ಪು ಬಣ್ಣ ಅಂದ ಮೇಲೆ ನಮ್ಮೂರಿನವರು ಬಿದ್ರಿ ಹೇಳದೆ ಬಿಡುವುದಿಲ್ಲ. ಸತುವು, ತಾಮ್ರದ ಎರಕದ ಮೇಲೆ ಬೆಳ್ಳಿ ಕೂರಿಸುತ್ತಾರೆ. ಆಮೇಲೆ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿ ತಿಕ್ಕುತ್ತಾರೆ. ಎರಕ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೆಳ್ಳಿ ಇರುವುದಕ್ಕೇ ಆ ಕಪ್ಪಿಗೆ ಬೆಲೆ, ಅಲ್ವಾ? ಯಾವ ಕಪ್ಪು ಗಿಡ ಹಾಕಿದರೂ ಪಕ್ಕದಲ್ಲಿ ಒಂದು ಬೂದಿ ಬಣ್ಣದ್ದು ಹಾಕಿ. ಲ್ಯೂಕೋಫಿಲಮ್ ಅಂತ ಕೇಳಿ, ಎಲೆ ಬೆಳ್ಳಿ ಬೂದಿ, ಮಳೆ ಬಂದಾಗ ತಿಳಿ ನೇರಳೆ ಹೂ. ಅದಕ್ಕೆ ಸುಣ್ಣದ ಮಣ್ಣು, ಬಿಸಿಲು, ಕಡಿಮೆ ನೀರು ಮೂರೂ ಇಷ್ಟ. ನಿಮ್ಮ ಅಂಗಳಕ್ಕೇ ಹುಟ್ಟಿದ ಹಾಗಿದೆ.

ಟೆರೇಸ್ ವೈನಿ · ಏಪ್ರಿಲ್ 30

ಅಕ್ಕಾ, ನಾನು ಕಲಬುರಗಿಯಲ್ಲೇ ಮೂರನೇ ಮಹಡಿಯಲ್ಲಿ ಕುಂಡಗಳಲ್ಲಿ ಬೆಳೆಸುತ್ತೇನೆ. ನನ್ನ ಅನುಭವ ಇಷ್ಟು.

ಅಕಲಿಫಾ ಸುಲಭ. ಮಳೆಗಾಲದಲ್ಲಿ ಗೇಣುದ್ದ ಕಡ್ಡಿ ಚುಚ್ಚಿದರೂ ಬರುತ್ತದೆ. ತಾಮ್ರದ ಬಣ್ಣದಿಂದ ಕಂದು ಕಪ್ಪಿನವರೆಗೆ ತಳಿಗಳಿವೆ. ಆದರೆ ಭಾಳ ನೀರು ಕುಡಿಯುತ್ತದೆ. ಏಪ್ರಿಲ್‌ನಲ್ಲಿ ಒಂದು ದಿನ ಮರೆತರೆ ಮಧ್ಯಾಹ್ನ ಎಲೆಗಳೆಲ್ಲ ಒದ್ದೆ ಬಟ್ಟೆ ಹಾಗೆ ಜೋತು ಬೀಳುತ್ತವೆ. ಬಿಸಿಗಾಳಿಯಲ್ಲಿ ಕೆಂಪು ನುಸಿ ಬೇರೆ. ಎಲೆ ತಿರುವಿ ನೋಡಿದರೆ ಜೇಡರ ಬಲೆ ಹಾಗೆ ನೂಲು. ಪೈಪ್ ಹಿಡಿದು ಎಲೆಯ ಕೆಳಭಾಗ ಜೋರಾಗಿ ತೊಳೆದರೆ ಅರ್ಧ ಹೋಗುತ್ತದೆ.

ನರ್ಸರಿಯವರು ಕಪ್ಪು ಎರಾಂಥಿಮಮ್ ಅಂತ ಕೊಡುವುದು ಚೆಂದ, ನಿಜವಾಗಲೂ ಕಪ್ಪು. ಆದರೆ ಮಧ್ಯಾಹ್ನದ ಬಿಸಿಲಿಗೆ ಅಂಚು ಸುಟ್ಟು ಹಪ್ಪಳ ಆಗುತ್ತದೆ. ಮುಂಜಾನೆ ಬಿಸಿಲು ಮಾತ್ರ ಬೀಳುವ ಕಡೆ ಸರಿ.

ಇನ್ನು ಯೂಫೋರ್ಬಿಯಾ ಕೋಟಿನಿಫೋಲಿಯಾ. ಎಲೆ ದಾಳಿಂಬೆ ರಸದ ಬಣ್ಣ. ಬಿಸಿಲಿಗೂ ತಡೆಯುತ್ತದೆ, ನೀರೂ ಕಡಿಮೆ ಸಾಕು. ಯಾವ ನರ್ಸರಿಗೆ ಹೋದರೂ ಇದನ್ನೇ ಮೊದಲು ತೋರಿಸುತ್ತಾರೆ. ಮೊಮ್ಮಗ ಬರುವ ಮನೆಗೆ ಇದು ಬೇಡವೇ ಬೇಡ. ನಮ್ಮ ಮನೆಯವರು ಒಂದು ಭಾನುವಾರ ಕತ್ತರಿ ಹಿಡಿದು ಕೂತರು. ಕಡ್ಡಿ ಕತ್ತರಿಸಿದರೆ ಹಾಲು ಬರುತ್ತದೆ. ಬೆವರು ಒರೆಸಿಕೊಳ್ಳಲು ಅದೇ ಕೈ ಕಣ್ಣಿಗೆ ಹೋಯಿತು. ಹದಿನೈದು ನಿಮಿಷ ನಲ್ಲಿ ಕೆಳಗೆ ಕಣ್ಣು ತೊಳೆಸಿ ಡಾಕ್ಟರ ಹತ್ತಿರ ಓಡಿದೆವು. ಎರಡು ದಿನ ಸರಿಯಾಗಿ ಕಾಣಲಿಲ್ಲ. ಗಿಡ ಕೊಟ್ಟವರು ಒಂದು ಮಾತು ಹೇಳಿರಲಿಲ್ಲ.

ಜೇವರ್ಗಿ ಎರೆಹೊಲ · ಏಪ್ರಿಲ್ 30

ವೈನಿ ಹೇಳಿದ್ದು ನೂರಕ್ಕೆ ನೂರು. ವಿಷದ ಮಾತು ಬಂತು ಅಂತ ಇನ್ನೊಂದು. ನಮ್ಮ ತಿಪ್ಪೆ ಬದಿಯಲ್ಲಿ ಬೆಳೆಯುವ ಔಡಲದಲ್ಲೇ ಕಡು ಕೆಂಪು ಎಲೆಯ ತಳಿಗಳಿವೆ. ಇಂಗ್ಲೆಂಡಿನವರು ಅದನ್ನು ಉದ್ಯಾನದ ಶೋಭೆಗೆ ಅಂತ ಬೀಜ ಕೊಂಡು ಬಿತ್ತುತ್ತಾರೆ. ನಾವು ಅವರ ಗಿಡಕ್ಕೆ ಬಾಯಿ ಬಿಡುತ್ತೇವೆ, ಅವರು ನಮ್ಮ ತಿಪ್ಪೆ ಗಿಡಕ್ಕೆ! ಆದರೆ ಬೀಜ ಕಡು ವಿಷ, ಮಕ್ಕಳಿರುವ ಮನೆಗೆ ಅದೂ ಬೇಡ.

ಶಹಾಪುರ ಗುಡ್ಡ · ಮೇ 1

ತಡವಾಗಿ ಬಂದೆ. ಅಕ್ಕಾರೆ, ನೀವು ಹುಡುಕುತ್ತಿರುವ ಗಿಡ ಬಂದರಿಕೆ.

ಗುಡ್ಡದಲ್ಲಿ ಬೆಳೆಯುವ ಹಸಿರು ಬಂದರಿಕೆ ಅನೇಕರಿಗೆ ಗೊತ್ತು. ಬೇಲಿಗೆ ಹಾಕುತ್ತಾರೆ, ಕಟ್ಟಿಗೆ ಗಟ್ಟಿ. ಅದರದೇ ನೇರಳೆ ಎಲೆಯ ತಳಿ ಒಂದಿದೆ. ಡೊಡೋನಿಯಾ ವಿಸ್ಕೋಸಾ ಪರ್ಪ್ಯೂರಿಯಾ ಅಂತ ಹೆಸರು, ನ್ಯೂಜಿಲೆಂಡಿನಲ್ಲಿ ಸಿಕ್ಕಿದ್ದು. ಅಲ್ಲಿನ ಮಾವೊರಿ ಜನ ಈ ಗಿಡಕ್ಕೆ ಅಕೆಅಕೆ ಅನ್ನುತ್ತಾರೆ. ವಿಸ್ಕೋಸಾ ಅಂದ್ರೆ ಅಂಟು. ಚಿಗುರು ಮುಟ್ಟಿದರೆ ಗೊತ್ತಾಗುತ್ತದೆ, ವಾರ್ನಿಶ್ ಇನ್ನೂ ಪೂರ್ತಿ ಒಣಗದ ಬಾಗಿಲು ಮುಟ್ಟಿದ ಹಾಗೆ. ಆ ಅಂಟಿನ ಪದರವೇ ಎಲೆಯ ನೀರು ಹಾರದ ಹಾಗೆ ಕಾಯುತ್ತದೆ. ಎಲೆ ಸಣ್ಣದು, ಉದ್ದ, ಬಿಸಿಗಾಳಿಗೆ ಹರಿಯುವುದಿಲ್ಲ.

ಅಳಿಯನ ಮಗ ಬೆಂಗಳೂರಿಂದ ಬೀಜದ ಪೊಟ್ಟಣ ತಂದುಕೊಟ್ಟಿದ್ದ. ಮೊದಲ ಸಲ ಸುಮ್ನೆ ಬಿತ್ತಿದೆ, ಒಂದೂ ಬರಲಿಲ್ಲ. ಬೀಜದ ಸಿಪ್ಪೆ ಕಲ್ಲು, ನೀರು ಒಳಗೆ ಇಳಿಯುವುದಿಲ್ಲ. ಎರಡನೇ ಸಲ ಬೀಜಗಳನ್ನು ಸ್ಟೀಲ್ ಲೋಟದಲ್ಲಿ ಹಾಕಿ ಮೇಲೆ ಕುದಿವ ನೀರು ಸುರಿದು ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ನೋಡಿದರೆ ಕೆಲವು ಉಬ್ಬಿ ದಪ್ಪ ಆಗಿದ್ದವು. ಅವನ್ನಷ್ಟೇ ಬಿತ್ತಿದೆ. 40 ಬೀಜದಲ್ಲಿ 14 ಮೊಳೆತವು. ಎಲ್ಲವೂ ಒಂದೇ ಬಣ್ಣ ಇರಲಿಲ್ಲ. 3 ಹಸಿರೇ ಉಳಿದವು, ಕಿತ್ತು ಹಾಕಿದೆ. ಉಳಿದದ್ದರಲ್ಲಿ ಕಡು ಬಣ್ಣದ್ದು ಇಟ್ಟುಕೊಂಡೆ. ಎರಡು ವರ್ಷಕ್ಕೆ 5 ಅಡಿ ಆಗಿದೆ. ಹೋದ ಮೇ ತಿಂಗಳಲ್ಲಿ ವಾರಕ್ಕೊಂದು ಸಲ ನೀರು, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಇದು ಕಪ್ಪು ಇರುವುದಿಲ್ಲ. ಕಂದು ಹಸಿರು, ಹಳೇ ತಾಮ್ರದ ತಂಬಿಗೆ ಹಾಗೆ. ಎಲೆಗೆ ಆ ಬಣ್ಣ ಕೊಡುವುದು ಆಂಥೋಸಯನಿನ್. ಅದಕ್ಕೆ ಬಿಸಿಲು ಬೇಕು, ಕಾವು ಬೇಡ. ರಾತ್ರಿ ತಂಪಾದಾಗ ಬಣ್ಣ ಏರುತ್ತದೆ. ದೀಪಾವಳಿಯಿಂದ ಶಿವರಾತ್ರಿವರೆಗೆ ನೋಡಬೇಕು ಅದನ್ನು. ಹಾಗಂತ ಬೇಸಿಗೆಯಲ್ಲಿ ಬಣ್ಣ ಹೋಯಿತು ಅಂತ ನೆರಳಿಗೆ ಹಾಕಬೇಡಿ, ನೆರಳಲ್ಲಿ ಪೂರ್ತಿ ಹಸಿರಾಗುತ್ತದೆ.

ಸೇಡಂ ರಸ್ತೆ ಅಕ್ಕ · ಮೇ 1

ಅಯ್ಯೋ, ಬಂದರಿಕೇನಾ! ನಮ್ಮ ತವರಿನ ಹೊಲದ ಬೇಲಿಯಲ್ಲಿತ್ತು. ಅದರ ಕಾಯಿಗೆ ರೆಕ್ಕೆ ಇರುತ್ತಲ್ಲ ಅಣ್ಣಾರೆ, ಕಾಗದದ ಹಾಗೆ? ಸಣ್ಣವರಿದ್ದಾಗ ಹಾರಿಸುತ್ತಿದ್ದೆವು. ಅದಕ್ಕೆ ಎರೆಮಣ್ಣು ಆಗಿಬರುತ್ತದಾ? ಮತ್ತೆ ಈಗ ನೆಡಲಾ?

ಶಹಾಪುರ ಗುಡ್ಡ · ಮೇ 1

ಅದೇ ಕಾಯಿ. ಈಗ ಬೇಡ, ಮೇ ತಿಂಗಳಲ್ಲಿ ಯಾವುದನ್ನೂ ನೆಡಬೇಡಿ. ಮಿರಗ ಮಳೆ ಬಿದ್ದು ನೆಲ ತಣಿಯಲಿ. ಸುಣ್ಣಕ್ಕೆ ಅಂಜುವ ಗಿಡ ಅಲ್ಲ ಇದು. ಆದರೆ ಬುಡದಲ್ಲಿ ನೀರು ನಿಂತರೆ ವಾರದಲ್ಲಿ ಬೇರು ಕೊಳೆಯುತ್ತದೆ. ನಿಮ್ಮ ಎರೆಮಣ್ಣಿನ ಸಮಸ್ಯೆ ಅದೇ.

ಜೇವರ್ಗಿ ಎರೆಹೊಲ · ಮೇ 2

ಎರೆಮಣ್ಣಿನ ಮಾತು ನನಗೆ ಬಿಡಿ.

ಎಲ್ಲ ಪುಸ್ತಕದಲ್ಲೂ ಎರಡಡಿ ಗುಂಡಿ ತೋಡಿ, ಒಳ್ಳೆ ಮಣ್ಣು ತುಂಬಿ ಅಂತ ಇರುತ್ತದೆ. ಎರೆಯಲ್ಲಿ ಅದು ಮೋಸ. ಸುತ್ತಲಿನ ಮಣ್ಣು ಮಳೆಗೆ ಉಬ್ಬಿ ಹೆಂಟೆ ಆಗುತ್ತದೆ, ನೀರು ಇಳಿಯುವುದಿಲ್ಲ. ನೀವು ತುಂಬಿದ ಹಗುರ ಮಣ್ಣಿಗೆ ಎಲ್ಲ ಕಡೆಯಿಂದ ನೀರು ಬಂದು ಸೇರುತ್ತದೆ. ಗಿಡ ಹಗೇವಿನಲ್ಲಿ ಕೂತ ಹಾಗೆ. ಅದಕ್ಕೇ ಕೆಳಗೆ ಹೋಗಬೇಡಿ, ಮೇಲೆ ಬನ್ನಿ.

ನಿಮ್ಮ ಮನೆ ಹತ್ತಿರ ಒಡೆದ ಶಹಾಬಾದ್ ಕಲ್ಲು ಸಿಕ್ಕೇ ಸಿಗುತ್ತದೆ. ಒಂದು ಅಡಿ ಮೇಲೆ ಕಾಣುವ ಹಾಗೆ ಕಲ್ಲನ್ನು ನಿಲ್ಲಿಸಿ ಹೂಳಿ, ಮೂರಡಿ ಚೌಕ ಮಾಡಿ. ಸಿಮೆಂಟ್ ಬೇಡ, ಸಂದಿನಿಂದ ನೀರು ಹೋಗಲಿ. ಒಳಗಿನ ನೆಲವನ್ನು ಹಾರೆಯಿಂದ ಗೇಣು ಆಳ ಸಡಿಲ ಮಾಡಿ. ಆಮೇಲೆ ಎರಡು ಪಾಲು ಗರಸು ಬೆರೆತ ಕೆಂಪು ಮಣ್ಣು, ಒಂದು ಪಾಲು ಹಳೇ ತಿಪ್ಪೆಗೊಬ್ಬರ. ಒಂದೆರಡು ಬುಟ್ಟಿ ಅದೇ ಎರೆಮಣ್ಣನ್ನೂ ಬೆರೆಸಿ. ಇಲ್ಲಾಂದ್ರೆ ಬೇರು ಮುಂದೆ ಎರೆಗೆ ಇಳಿಯಲು ಒಲ್ಲೆ ಅನ್ನುತ್ತದೆ, ನಿಮ್ಮ ನಾರಿನ ಮುದ್ದೆ ಕಥೆಯೇ ಮತ್ತೆ.

ಮೇಲೆ ತೊಗರಿ ಹೊಟ್ಟು ಮೂರು ಬೆರಳು ದಪ್ಪ ಹಾಸಿ, ಬುಡಕ್ಕೆ ತಾಗದ ಹಾಗೆ. ದಾಲ್ ಮಿಲ್ಲುಗಳ ಊರಲ್ಲಿದ್ದು ನೆಲ ಬರಿದು ಬಿಡಬಾರದು. ದನದ ಮೇವಿಗೆ ಹೋಗುವುದರಿಂದ ರೊಕ್ಕ ಕೇಳುತ್ತಾರೆ, ಅರ್ಧ ಚೀಲ ಸಾಕು.

ಟೆರೇಸ್ ವೈನಿ · ಮೇ 2

ಇಷ್ಟೆಲ್ಲ ಕಷ್ಟ ಯಾಕೆ, 18 ಇಂಚಿನ ಕುಂಡದಲ್ಲಿ ಇಟ್ಟರೆ ಆಗಲ್ವಾ? ಬೇಸಿಗೆಯಲ್ಲಿ ಸರಿಸಬಹುದು.

ಜೇವರ್ಗಿ ಎರೆಹೊಲ · ಮೇ 2

ವೈನಿ, ಕಲ್ಲಿನ ಹಾಸಿನ ಮೇಲೆ ಕುಂಡ ಇಟ್ಟರೆ ಅದು ಒಲೆ ಮೇಲಿನ ಗಡಿಗೆ. ಮೇ ತಿಂಗಳಲ್ಲಿ ಸಂಜೆ ಐದಕ್ಕೆ ಕುಂಡದ ಹೊರಮೈ ಮುಟ್ಟಿ ನೋಡಿ, ಕೈ ಇಡಲು ಆಗುವುದಿಲ್ಲ. ಬೇರು ಅಂಚಿನಲ್ಲೇ ಇರುತ್ತದೆ.

ಟೆರೇಸ್ ವೈನಿ · ಮೇ 2

ನನ್ನ 60 ಕುಂಡ ಹೇಗೆ ಬದುಕಿವೆ ಹಾಗಾದ್ರೆ? ಒಂದು ಕುಂಡದೊಳಗೆ ಇನ್ನೊಂದು ಇಟ್ಟು ನಡುವೆ ಗೋಣಿಚೀಲ ತುರುಕುತ್ತೇನೆ, ಮೇಲೆ 50 ಪರ್ಸೆಂಟ್ ಶೇಡ್ ನೆಟ್. ಆದರೆ ದಿನಾ ಎರಡು ಹೊತ್ತು ನೀರು, ಅದು ನಿಜ. ಅಕ್ಕಾರಿಗೆ ಆಗದಿದ್ದರೆ ನೆಲವೇ ಸರಿ. ಒಪ್ಪಿದೆ, ಆದರೆ ಪೂರ್ತಿ ಒಪ್ಪಿಲ್ಲ.

ಶಹಾಪುರ ಗುಡ್ಡ · ಮೇ 3

ಅಕ್ಕಾರೆ, ನನ್ನ ಹತ್ತಿರ ಚೀಲದಲ್ಲಿ ನಾಲ್ಕು ಸಸಿ ಹೆಚ್ಚು ಇವೆ, ಗೇಣುದ್ದ. ಜೂನ್ ಕೊನೆಗೆ ತಂಗಿ ಕಲಬುರಗಿಗೆ ಬರುತ್ತಾಳೆ, ಎರಡು ಕಳಿಸುತ್ತೇನೆ. ರೊಕ್ಕದ ಮಾತು ಬೇಡ. ನೆಡುವಾಗ ಬೇರು ಬಿಡಿಸಲು ಹೋಗಬೇಡಿ, ಈ ಗಿಡಕ್ಕೆ ಬೇರು ಅಲುಗಿದರೆ ಆಗದು. ಚೀಲ ಬ್ಲೇಡಿನಿಂದ ಸೀಳಿ ಹಂಗೇ ಇಳಿಸಿ. ಮೊಳಕಾಲೆತ್ತರ ಆದಾಗ ತುದಿ ಚಿವುಟಿ, ಪೊದೆ ಆಗುತ್ತದೆ. ಆಮೇಲೆ ವರ್ಷಕ್ಕೊಮ್ಮೆ, ಮಳೆಗಾಲ ಮುಗಿಯುತ್ತ ಬಂದಾಗ ಮೇಲ್ಮೇಲೆ ಕತ್ತರಿಸಿ. ಹಳೇ ಒಣ ಕಟ್ಟಿಗೆವರೆಗೆ ಕಡಿದರೆ ಮತ್ತೆ ಚಿಗುರುವುದು ಅನುಮಾನ.

ಸೇಡಂ ರಸ್ತೆ ಅಕ್ಕ · ಜುಲೈ 6

ಸಸಿ ಬಂದವು, ತಂಗಿಯವರು ಚಹಾ ಕುಡಿದು ಹೋದರು. ಆರಿದ್ರಾ ಮಳೆಯಲ್ಲೇ ನೆಟ್ಟೆ. ಒಂದನ್ನು ಕಲ್ಲಿನ ಚೌಕದಲ್ಲಿ. ಇನ್ನೊಂದನ್ನು ನೋಡೋಣ ಅಂತ ಪಕ್ಕದಲ್ಲಿ ನೆಲಕ್ಕೇ ಗುಂಡಿ ತೋಡಿ. ಎರೆಹೊಲ ಅಣ್ಣಾರು ಬೈಯುತ್ತಾರೆ ಅಂತ ಗೊತ್ತು. ಬೂದಿ ಬಣ್ಣದ ಲ್ಯೂಕೋಫಿಲಮ್ ಒಂದು ಇಲ್ಲೇ 120 ರೂಪಾಯಿಗೆ ಸಿಕ್ಕಿತು.

ಜೇವರ್ಗಿ ಎರೆಹೊಲ · ಜುಲೈ 6

ಬೈಯುವುದಿಲ್ಲ. ಸೆಪ್ಟೆಂಬರ್ ಬರಲಿ.

ಸೇಡಂ ರಸ್ತೆ ಅಕ್ಕ · ಸೆಪ್ಟೆಂಬರ್ 24

ಗುಂಡಿಯದು ಹೋಯಿತು. ನಾಲ್ಕು ದಿನ ಬಿಡದೆ ಮಳೆ. ಐದನೇ ದಿನ ತುದಿ ಬಾಡಿತ್ತು. ನೀರು ಕಡಿಮೆ ಆದಾಗ ಬಾಡುವ ಹಾಗೇ ಕಾಣುತ್ತದೆ, ಇನ್ನಷ್ಟು ನೀರು ಹಾಕಬೇಕು ಅನಿಸುತ್ತದೆ. ಕಿತ್ತರೆ ಬೇರು ಕಂದು, ಸಿಪ್ಪೆ ಜಾರಿ ಕೈಗೆ ಬಂತು, ಹಳಸಿದ ವಾಸನೆ. ಕಲ್ಲಿನ ಚೌಕದ್ದು ಅದೇ ಮಳೆಯಲ್ಲಿ ನಾಲ್ಕು ಬೆರಳು ಚಿಗುರಿದೆ. ಎರಡಕ್ಕೂ ನಡುವೆ ಇರುವುದು ಮೂರಡಿ.

ಹೊಸ ಕುಂಡ · ಸೆಪ್ಟೆಂಬರ್ 24

ನಾನೂ ವಿನಿಗರ್ ಹಾಕಿ ನೋಡಿದೆ ಸರ್. ಸೋಡಾ ಹಾಗೆ ನೊರೆ ಬಂತು. ಕಾಫಿ ಪುಡಿ ಈಗ ಕಾಫಿಗೇ ಹಾಕುತ್ತಿದ್ದೇನೆ.

ಸೇಡಂ ರಸ್ತೆ ಅಕ್ಕ · ಡಿಸೆಂಬರ್ 9

ಇದನ್ನು ಹೇಳಲೇಬೇಕು ಅಂತ ಬಂದೆ. ಎರಡು ವಾರದಿಂದ ರಾತ್ರಿ ಚಳಿ ಬಿದ್ದಿದೆ. ಗಿಡ ಇನ್ನೂ ಮೊಳಕಾಲಿಗಿಂತ ಸ್ವಲ್ಪ ಮೇಲಷ್ಟೇ. ಆದರೆ ತುದಿಯ ಎಲೆಗಳು ಒಂದೊಂದಾಗಿ ಬಣ್ಣ ತಿರುಗಿ ಈಗ ನೇರಳೆ ಹಣ್ಣೇ. ಮುಂಜಾನೆ ಬಿಸಿಲು ಹಿಂದಿನಿಂದ ಬಿದ್ದಾಗ ವೈನ್ ಕೆಂಪು, ಮೋಡ ಇದ್ದರೆ ಕಪ್ಪು. ಪಕ್ಕದಲ್ಲಿ ಲ್ಯೂಕೋಫಿಲಮ್ ಬೂದಿ. ಬೀದರ್ ಅಣ್ಣಾರ ಬಿದ್ರಿ ನೆನಪಾಯಿತು.

ಮಗಳಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಅಲ್ಲಿ ಅವಳ ನೈನ್‌ಬಾರ್ಕ್ ಎಲೆಯೆಲ್ಲ ಉದುರಿ ಬರೀ ಕಡ್ಡಿ, ಮೇಲೆ ಹಿಮ. ಅಳಿಯ "ಅದು ಯಾವ ಗಿಡ ಅತ್ತೀ?" ಅಂತ ಕೇಳಿದ. ಬಂದರಿಕೆ ಅಂದೆ. "ಹೊಲದ ಬೇಲಿದಾ?" ಅಂದ. ಅದೇ ಅಂದೆ.

ಇನ್ನೊಂದು. ನಿನ್ನೆ ಗೇಟು ತೆರೆದಿತ್ತು, ಓಣಿಯ ಆಡು ಒಳಗೆ ಬಂದಿದೆ. ನಾನು ಓಡಿ ಬರುವಷ್ಟರಲ್ಲಿ ಬಂದರಿಕೆ ಮೂಸಿ ನೋಡಿ, ಒಂದು ಎಲೆ ಬಾಯಿಗೆ ಹಾಕಿ ಉಗುಳಿ, ದಾಸವಾಳದ ಕುಂಡಕ್ಕೆ ಬಾಯಿ ಹಾಕಿತ್ತು. ದಾಸವಾಳ ಪೂರ್ತಿ ಬೋಳು.

ಟೆರೇಸ್ ವೈನಿ · ಡಿಸೆಂಬರ್ 9

ದಾಸವಾಳದ ಕಡ್ಡಿ ನನ್ನ ಹತ್ತಿರ ಇದೆ ಅಕ್ಕಾ, ಯಾವ ಬಣ್ಣ ಇತ್ತು ಹೇಳಿ. ಬದಲಿಗೆ ಬಂದರಿಕೆ ಕಾಯಿ ಆದಾಗ ನನಗೊಂದು ಹಿಡಿ. ಕುಂಡದಲ್ಲೇ ಬೆಳೆಸಿ ಎರೆಹೊಲ ಅಣ್ಣಾರಿಗೆ ಫೋಟೋ ಕಳಿಸುತ್ತೇನೆ.